ಹೊಂಗೆ ಮರದ ಮೊಳೆ

"ಆ ಮೊಳೆ ಮಾತ್ರ ಮುಟ್ಬ್ಯಾಡಿ ಸಾರ್. ಮಕ್ಳಿರೋ ಮನೆಯೋರು ಮುಟ್ಟಂಗಿಲ್ಲ."

ಕಾವಲುಗಾರ ಆವಲಪ್ಪ ಕೈಮುಗಿದು ಹೇಳಿದ. ಏಣಿಯ ಮೇಲಿದ್ದ ರುದ್ರೇಶನಿಗೆ ನಗು ತಡೆಯಲಾಗಲಿಲ್ಲ. "ಏನಣ್ಣ, ದೆವ್ವ ಕಟ್ಟಾಕಿದೀರಾ? ಹಾಗಿದ್ರೆ ಕ್ಯಾಮೆರಾ ಯಾಕೆ, ಅದನ್ನೇ ಕಾವಲಿಗೆ ಇಟ್ಕೊಳ್ಳಿ."

ಪೀಣ್ಯದ ಆ ಕಾರ್ಖಾನೆಯ ಹಿಂದಿನ ಗೇಟಿಗೆ ಕ್ಯಾಮೆರಾ ಬೇಕಿತ್ತು. ರೆಕಾರ್ಡರ್ ಇದ್ದದ್ದು ಮುಂದಿನ ಕಚೇರಿಯಲ್ಲಿ. ನೆಟ್‌ವರ್ಕ್ ಕೇಬಲ್ಲಿನ ಹಣೆಬರಹವೇ ಅಷ್ಟು. ನೂರು ಮೀಟರ್ ದಾಟಿದರೆ ಚಿತ್ರ ಬರುವುದಿಲ್ಲ. ನಡುವೆ ಎಲ್ಲಾದರೂ ಸಿಗ್ನಲ್ಲಿಗೆ ಮತ್ತೆ ಬಲ ಕೊಡುವ ಒಂದು ಪೆಟ್ಟಿಗೆ ಕೂರಿಸಿ, ಅಲ್ಲಿಂದ ಮತ್ತೆ ಕೇಬಲ್ ಎಳೆಯಬೇಕು. ನಡುವೆ ಇದ್ದದ್ದು ಈ ಹೊಂಗೆ ಮರವೊಂದೇ. ಅದರ ಕಾಂಡದಲ್ಲಿ ಹೆಬ್ಬೆರಳು ಗಾತ್ರದ ತುಕ್ಕು ಹಿಡಿದ ಮೊಳೆ, ಮೊಳೆಗೆ ಸುತ್ತಿದ ಕಪ್ಪು ದಾರ, ದಾರದೊಳಗೆ ಯಾರದೋ ಕೂದಲು. ಪೆಟ್ಟಿಗೆಯನ್ನು ಒಂದು ಗೇಣು ಮೇಲೆ ಹಾಕಿದ್ದರೆ ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ. ಆದರೆ ಬೇಡವೆಂದದ್ದನ್ನೇ ಮಾಡುವುದು ರುದ್ರೇಶನ ಹುಟ್ಟುಗುಣ. ಇಕ್ಕಳ ಹಾಕಿ ಜಗ್ಗಿದ.

ಮರ ನರಳಿತು. ಖಾಲಿಯಾದ ತೂತಿನಿಂದ ಸುಟ್ಟ ಕೂದಲಿನ, ಕೊಳೆತ ನಿಂಬೆಹಣ್ಣಿನ ನಾತ ಹೊಮ್ಮಿತು. ಕೆಳಗೆ ನಿಂತಿದ್ದ ಆವಲಪ್ಪನ ಮುಖದಲ್ಲಿ ಭಯವಿತ್ತು, ಭಯದ ಹಿಂದೆ ಇನ್ನೇನೋ ಇತ್ತು. ಅದು ಆಸೆಯೆಂದು ರುದ್ರೇಶನಿಗೆ ಆಗ ಹೊಳೆಯಲಿಲ್ಲ. ಮೊಳೆಯನ್ನು ಚೀಲಕ್ಕೆ ಎಸೆದು ಕೆಲಸ ಮುಂದುವರಿಸಿದ.

ಬೆಳಕು ಇಳಿಯುವ ಹೊತ್ತಿಗೆ ಕೇಬಲ್ ಎರಡೂ ತುದಿಗೆ ಸೇರಿತು. ಕಚೇರಿಯಲ್ಲಿ ಒಬ್ಬನೇ ಕೂತು ಮಾನಿಟರ್ ಹಚ್ಚಿದ. ಕೂರಿಸಿದ ಕ್ಯಾಮೆರಾಗಳನ್ನೆಲ್ಲ ತಮ್ಮ ಮೊಬೈಲಿಗೂ ಸೇರಿಸಿ ಪರೀಕ್ಷಿಸುವುದು ಈ ಕಸುಬಿನವರ ರೂಢಿ. ರುದ್ರೇಶನ ಮೊಬೈಲಿನಲ್ಲಿ ಮಹದೇವಪುರದ ಬಾಡಿಗೆ ಮನೆಯ ತೊಟ್ಟಿಲ ಮೇಲಿನ ಕ್ಯಾಮೆರಾವೂ ಇತ್ತು. ತೊಟ್ಟಿಲಲ್ಲಿ ಮಗಳು ಶಿವಾನಿ. ಮಕ್ಕಳಾಗುವುದಿಲ್ಲವೆಂದು ಎಲ್ಲರೂ ಕೈಬಿಟ್ಟ ಮೇಲೆ ಹುಟ್ಟಿದವಳು. ಕೆಲಸದ ನಡುವೆ ಅವಳನ್ನು ಒಮ್ಮೆ ನೋಡದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಮಾನಿಟರಿನಲ್ಲಿ ಹಿಂದಿನ ಗೇಟು ಕಾಣಿಸಿತು. ಅಲ್ಲೊಬ್ಬಳು ಬೆನ್ನು ಮಾಡಿ ನಿಂತಿದ್ದಳು. ಕೂದಲು ನೆಲ ಗುಡಿಸುವಷ್ಟು ಉದ್ದ. ಕೆಲಸದವರು ಯಾರೋ ಇರಬೇಕು ಅಂದುಕೊಂಡ. ಕಣ್ಣು ಮಿಟುಕಿಸುವಷ್ಟರಲ್ಲಿ ಶೆಡ್ಡಿನ ಕ್ಯಾಮೆರಾದಲ್ಲಿದ್ದಳು. ಅದೇ ಬೆನ್ನು. ಆಮೇಲೆ ಕಚೇರಿ ಬಾಗಿಲ ಕ್ಯಾಮೆರಾದಲ್ಲಿ.

ತಿರುಗಿ ನೋಡಿದ. ಬಾಗಿಲಲ್ಲಿ ಯಾರೂ ಇಲ್ಲ. ನಾತ ಮಾತ್ರ ಇತ್ತು. ನಿಂಬೆಹಣ್ಣಿನ ನಾತ. ಮಾನಿಟರ್ ಈಗ ಪೂರ್ತಿ ಖಾಲಿ. ಕೈಯಲ್ಲಿದ್ದ ಮೊಬೈಲು ಬಿಸಿಯಾಗತೊಡಗಿತು. ನೋಡಿದ. ತೊಟ್ಟಿಲು. ತೊಟ್ಟಿಲ ಪಕ್ಕ ಆ ಬೆನ್ನು. ಅದು ಬಗ್ಗುತ್ತಿತ್ತು.

ಹೆಂಡತಿಗೆ ಫೋನು ಹಚ್ಚಿದ. "ನಿವೇದಿತಾ, ತೊಟ್ಟಿಲ ಹತ್ರ ಯಾರೋ ಇದಾರೆ, ಮಗೂನ ಎತ್ಕೋ! ಬೇಗ!"

"ಏನಾಯ್ತು ರೀ? ರೂಮಲ್ಲಿ ಯಾರೂ ಇಲ್ವಲ್ಲ..." ಮರುಕ್ಷಣ ಅವಳ ದನಿ ಒಡೆಯಿತು. "ರೀ, ಮೈಯೆಲ್ಲ ತಣ್ಣಗಿದೆ ರೀ! ಉಸಿರಾಡ್ತಿಲ್ಲ!"

ಚೀಲ ಎತ್ತಿಕೊಂಡು ಮರದತ್ತ ಓಡಿದ. ಆವಲಪ್ಪ ಮರದ ಕೆಳಗೇ ಕಾಯುತ್ತಿದ್ದ.

"ನನ್ ಮಗನ್ಗೂ ಇಂಗೇ ಆಗಿತ್ತು ಸಾರ್. ಮೋರಿ ತೋಡೋವಾಗ ನಾನೂ ಕಿತ್ತಿದ್ದೆ. ಕಿತ್ತೋರ ಮಗೂನೇ ಅದು ಹುಡುಕ್ಕೊಂಡ್ ಓಗೋದು. ನನ್ ಕೂದ್ಲು ಬಿಚ್ಚಾಕಿ, ನಿಮ್ ಕೂದ್ಲು ಸುತ್ತಿ ಅದೇ ತೂತಿಗೆ ಹೊಡೀರಿ. ಅದು ಮರಕ್ಕೆ ವಾಪಸ್ ಬತ್ತದೆ. ಆದ್ರೆ ಆಮೇಲೆ ನನ್ ಬದ್ಲು ನೀವು ಇಲ್ಲಿಂದ ಓಗಂಗಿಲ್ಲ."

ರುದ್ರೇಶ ಕೊನೆಯ ಮಾತು ಕೇಳಿಸಿಕೊಳ್ಳಲಿಲ್ಲ. ಚೀಲದಿಂದ ಮೊಳೆ ತೆಗೆದು ಹಳೆಯ ಕೂದಲು ಬಿಚ್ಚಿ ಎಸೆದ. ತನ್ನ ತಲೆಯಿಂದ ಕೂದಲು ಕಿತ್ತ. ಸುತ್ತಿದ. ಹೊಡೆದ. ಮತ್ತೆ ಹೊಡೆದ. ಬೆರಳು ಜಜ್ಜಿತು. ಹೊಡೆದ. ಜೇಬಿನಲ್ಲಿದ್ದ ಫೋನಿನಿಂದ ಮಗು ಕಿಟಾರನೆ ಅಳುವುದು ಕೇಳಿಸಿತು. ಅವನೂ ಮರಕ್ಕೆ ಹಣೆ ಆನಿಸಿ ಗಳಗಳನೆ ಅತ್ತುಬಿಟ್ಟ.

ತಿರುಗುವಷ್ಟರಲ್ಲಿ ಆವಲಪ್ಪ ಮುಂದಿನ ಗೇಟು ದಾಟಿದ್ದ. "ನನ್ ಮಗನ್ನ ಒಂದ್ಸಲ ನೋಡ್ಕೊಂಡ್ ಬತ್ತೀನಿ ಸಾರ್," ಎಂದು ಅಲ್ಲಿಂದಲೇ ಕೂಗಿದ. ಮತ್ತೆ ಬರಲಿಲ್ಲ.

ರುದ್ರೇಶ ಬೈಕ್ ಹತ್ತಿ ಹೊರಟ. ಗೇಟಿನಾಚೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೊಬೈಲು ಬಿಸಿಯಾಯಿತು. ತೊಟ್ಟಿಲ ಪಕ್ಕ ಬೆನ್ನು. ಹಿಂದಕ್ಕೆ ಬಂದ, ಅದು ಮಾಯವಾಯಿತು. ಬೇರೆ ದಿಕ್ಕಿಗೆ ಹೋಗಿ ನೋಡಿದ, ಅಲ್ಲೂ ಅದೇ. ಕೊನೆಗೆ ಟೇಪು ಹಿಡಿದು ಅಳೆದ. ಮರದಿಂದ ಎತ್ತ ಹೋದರೂ ನೂರು ಮೀಟರ್. ಅವನಿಗೂ ಅಷ್ಟೇ ಕೇಬಲ್ಲು.

ನಿವೇದಿತಾ ಒಮ್ಮೆ ಮಗುವನ್ನು ಎತ್ತಿಕೊಂಡು ಬಂದಳು. ಗೇಟಿನ ಹತ್ತಿರ ಬರುತ್ತಲೇ ಮಗುವಿನ ತುಟಿ ನೀಲಿಯಾಯಿತು. ಆಮೇಲೆ ತರಲಿಲ್ಲ. ರುದ್ರೇಶ ಈಗ ಅದೇ ಕಾರ್ಖಾನೆಯ ಕಾವಲುಗಾರ. ಮಗಳು ನಡೆಯಲು ಕಲಿತದ್ದನ್ನೂ ಮೊಬೈಲಿನಲ್ಲೇ ನೋಡಿದ. ಅವಳು ಮನೆಯ ಕ್ಯಾಮೆರಾದ ಕಡೆ ಕೈಚಾಚಿ "ಅಪ್ಪ" ಅನ್ನುತ್ತಾಳೆ. ಅಪ್ಪನೆಂದರೆ ಗೋಡೆಯ ಮೇಲಿನ ಆ ಬಿಳಿ ಡಬ್ಬಿ ಎಂದೇ ತಿಳಿದಿದ್ದಾಳೆ.

ಮೊನ್ನೆ ಮರದ ಪೆಟ್ಟಿಗೆ ಬದಲಿಸಲು ಹೊಸ ಟೆಕ್ನಿಷಿಯನ್ ಬಂದ. ಏಣಿ ಹಾಕಿದ. ಅವನ ಮೊಬೈಲಿನ ಪರದೆ ಮೇಲೆ ಹಲ್ಲಿಲ್ಲದ ಬಾಯಿ ಬಿಟ್ಟು ನಗುವ ಒಂದು ಮಗುವಿತ್ತು. ರುದ್ರೇಶ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಬಂದು ಕೈಮುಗಿದ.

"ಆ ಮೊಳೆ ಮಾತ್ರ ಮುಟ್ಬೇಡಿ ಸಾರ್," ಎಂದ. ಎಂದು, ಆ ಮನುಷ್ಯ ನಗಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ.