ಮುನ್ನೂರು ಮೀಟರ್ ಕೆಳಗೆ

ಎಸೆನ್‌ಗುಲ್‌ನನ್ನು ಕೊಲ್ಲಬೇಕೆಂದು ಜೋಲ್ಚುಬೆಕ್ ನಿರ್ಧರಿಸಿದ್ದು ಸಿಟ್ಟಿನ ಭರದಲ್ಲಲ್ಲ. ಸಿಟ್ಟು ಬಂದದ್ದು ಏಪ್ರಿಲ್‌ನಲ್ಲಿ. ನಿರ್ಧಾರ ಗಟ್ಟಿಯಾಗಲು ಮೇ ಮುಗಿಯಬೇಕಾಯಿತು.

ಏಪ್ರಿಲ್‌ನಲ್ಲಿ ಕುರಿಗಾಹಿಗಳ ಸಭೆಯಿತ್ತು. ಸಭಾಭವನದ ಗೋಡೆಯ ಮೇಲೆ ಜಿಲ್ಲೆಯ ಬೇಸಿಗೆ ಹುಲ್ಲುಗಾವಲುಗಳ ನಕ್ಷೆ ಬೆಳಗುತ್ತಿತ್ತು. ಪ್ರತಿಯೊಂದು ಬುಗ್ಗೆ, ಪ್ರತಿಯೊಂದು ಕಾಲುದಾರಿ, ಕುದುರೆ ಹೊಳೆ ದಾಟಬಹುದಾದ ಪ್ರತಿಯೊಂದು ಜಾಗ ಅದರಲ್ಲಿತ್ತು. ಉಪಗ್ರಹ ಚಿತ್ರಗಳ ಮುಂದೆ ಕೂತು, ಬೆಟ್ಟ ಹತ್ತಿ ಇಳಿದು, ಜೋಲ್ಚುಬೆಕ್ ಅದನ್ನು ಆರು ವರ್ಷ ಮಾಡಿದ್ದ. ಒಬ್ಬ ಮುದುಕ ಯಾವುದೋ ಬುಗ್ಗೆಯ ಬಗ್ಗೆ ಕೇಳಿದಾಗ ಉತ್ತರ ಹೇಳಲು ಅವನು ಎದ್ದುನಿಂತ. ಜಿಲ್ಲಾ ನಕ್ಷೆ ಕಚೇರಿಯ ಮುಖ್ಯಸ್ಥ ಎಸೆನ್‌ಗುಲ್ ಅವನ ಹೆಗಲ ಮೇಲೆ ಕೈಯಿಟ್ಟು ಕುರ್ಚಿಗೆ ಒತ್ತಿ ಕೂರಿಸಿದ.

"ಇವನನ್ನೇನು ಕೇಳ್ತೀರಿ ಅಜ್ಜ? ಇವನು ಬಣ್ಣ ಬಳಿಯೋನು. ಹೊಳೆ ಕಂಡ್ರೆ ಕುದುರೆ ಮೇಲೇ ಒದ್ದೆ ಮಾಡ್ಕೊಳ್ತಾನೆ!"

ಇನ್ನೂರು ಜನ ತೊಡೆ ತಟ್ಟಿಕೊಂಡು ನಕ್ಕರು. ಅದು ಸುಳ್ಳಾಗಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಕೊಕ್-ಬುಲುನ್ ಹೊಳೆಯಲ್ಲಿ ಕುದುರೆಯ ಕಾಲು ಜಾರಿ ಜೋಲ್ಚುಬೆಕ್ ಚೀರಿಕೊಂಡಿದ್ದು ನಿಜ, ಪ್ಯಾಂಟು ಒದ್ದೆಯಾದದ್ದೂ ನಿಜ. ಅದನ್ನು ಕಂಡವರು ಯಾರೂ ಇರಲಿಲ್ಲ. ಚಹಾ ಕುಡಿಯುತ್ತಾ, ಸ್ನೇಹಿತನೆಂದುಕೊಂಡು, ಅವನೇ ಎಸೆನ್‌ಗುಲ್‌ಗೆ ಹೇಳಿದ್ದ.

ಆಮೇಲೆ ಊರಿಗೆಲ್ಲ ಅವನು 'ಬಣ್ಣಗಾರ'ನಾದ. ಸಂತೆಯಲ್ಲಿ ಮಾಂಸ ಕಡಿಯುವವನೂ ಹಾಗೇ ಕರೆದ. ಮನೆಯಲ್ಲಿ ಹೆಂಡತಿ ಬಟ್ಟಲಿಗೆ ಚಹಾ ಬಗ್ಗಿಸುತ್ತಾ ತುಟಿ ಕಚ್ಚಿ ನಗು ತಡೆದದ್ದನ್ನು ಅವನು ನೋಡಿದ. ಮೇ ತಿಂಗಳಲ್ಲಿ ಆದೇಶ ಬಂತು: ಜುಲೈಯಿಂದ ಅವನಿಗೆ ಮುನ್ನೂರು ಕಿಲೋಮೀಟರ್ ಆಚೆಯ ಊರಿನಲ್ಲಿ ಹಳೇ ಕಾಗದಗಳ ಉಗ್ರಾಣ ಕಾಯುವ ಕೆಲಸ. ಕೆಳಗೆ ಎಸೆನ್‌ಗುಲ್‌ನ ಸಹಿ.

ಎಸೆನ್‌ಗುಲ್‌ನ ದೌರ್ಬಲ್ಯ ಜೋಲ್ಚುಬೆಕ್‌ಗೆ ಚೆನ್ನಾಗಿ ಗೊತ್ತಿತ್ತು. ಆ ಮನುಷ್ಯ ದಾರಿ ಕೇಳುವವನಲ್ಲ. ಕುರಿಗಾಹಿಯ ಮುಂದೆ ಕುದುರೆ ನಿಲ್ಲಿಸಿ 'ಎಲ್ಲಿ ದಾಟಲಿ' ಎಂದರೆ ಮರ್ಯಾದೆ ಹೋಯಿತು ಎಂದುಕೊಳ್ಳುವವನು. ಕಚೇರಿಯ ಜಿಪಿಎಸ್ ಯಂತ್ರವನ್ನು ಎದೆಗೆ ನೇತುಹಾಕಿಕೊಂಡು, ಅದು ತೋರಿಸಿದ ಗೆರೆಯ ಮೇಲೆ ಕಣ್ಣಿಟ್ಟು ಕುದುರೆ ನಡೆಸುತ್ತಿದ್ದ. ನೆಲವನ್ನು ನೋಡುತ್ತಲೇ ಇರಲಿಲ್ಲ. ಜೂನ್ ಆರರಂದು ಗಡಿಕಲ್ಲುಗಳ ತಪಾಸಣೆಗೆ ಅವನು ಒಬ್ಬನೇ ಕೊಕ್-ಬುಲುನ್‌ಗೆ ಹೊರಡುವವನಿದ್ದ.

ಜೂನ್‌ನಲ್ಲಿ ಮೇಲಿನ ಹಿಮ ಕರಗುತ್ತದೆ. ಕೊಕ್-ಬುಲುನ್ ಹೊಳೆಯನ್ನು ದಾಟಲು ಇರುವುದು ಒಂದೇ ಜಾಗ. ಅಲ್ಲಿ ಹೊಳೆ ಅಗಲವಾಗಿ ಹರಡಿಕೊಂಡು ಜಲ್ಲಿಕಲ್ಲುಗಳ ಮೇಲೆ ಗದ್ದಲ ಮಾಡುತ್ತದೆ. ನೋಡಿದರೆ ಭಯವಾಗುತ್ತದೆ, ಆದರೆ ನೀರು ಕುದುರೆಯ ಮೊಣಕಾಲು ಮುಟ್ಟುವುದಿಲ್ಲ. ಮುನ್ನೂರು ಮೀಟರ್ ಕೆಳಗೆ ಅದೇ ಹೊಳೆ ಕಿರಿದಾಗಿ ಸದ್ದಿಲ್ಲದೆ ಹರಿಯುತ್ತದೆ. ನೀರು ತಿಳಿಹಸಿರು, ದಡ ಸಪಾಟು. ಅಡಿಯಲ್ಲಿ ಮಾತ್ರ ಬಂಡೆ ಕೊರೆದು ಎರಡಾಳು ಆಳದ ಗುಂಡಿ, ಒಳಗೆ ಎಳೆಯುವ ಸೆಳೆತ. ಜೋಲ್ಚುಬೆಕ್ ಮೂರು ವರ್ಷದ ಹಿಂದೆ ಚೀರಿಕೊಂಡದ್ದು ಅಲ್ಲೇ.

ಮಾಡಬೇಕಾದದ್ದು ತೀರ ಕಡಿಮೆ, ಅದೇ ಅವನಿಗೆ ಹಿಡಿಸಿದ್ದು. ಎಸೆನ್‌ಗುಲ್‌ನ ಯಂತ್ರದಲ್ಲಿ ಮಾತ್ರ ಕಾಲುದಾರಿಯ ಗೆರೆಯನ್ನು ಮುನ್ನೂರು ಮೀಟರ್ ಕೆಳಕ್ಕೆ ಬಾಗಿಸುವುದು, ದಾಟುವ ಜಾಗದ ನೀಲಿ ಗುರುತನ್ನು ಅಲ್ಲಿಗೆ ಸರಿಸುವುದು. ಬೆಟ್ಟದ ನೆರಳು, ಎತ್ತರದ ಗೆರೆಗಳು, ಹೆಸರುಗಳು ಯಾವುದನ್ನೂ ಮುಟ್ಟಬಾರದು. ಸುಳ್ಳು ಹೇಳುವವರು ಹೆಚ್ಚು ಮಾತಾಡಿ ಸಿಕ್ಕಿಬೀಳುತ್ತಾರೆ. ಅವನ ಸುಳ್ಳು ಒಂದು ಬೆರಳಗಲದ್ದು.

ಯಂತ್ರ ಹೊಳೆಯಲ್ಲಿ ಕೊಚ್ಚಿಹೋದರೆ ಅಲ್ಲಿಗೆ ಮುಗಿಯಿತು. ಸಿಕ್ಕರೆ ಅದನ್ನು ತೆರೆದು ಓದಲು ಜಿಲ್ಲೆಯಲ್ಲಿ ಬರುವುದು ಜೋಲ್ಚುಬೆಕ್ ಒಬ್ಬನಿಗೇ, ಪೊಲೀಸರು ಅವನ ಬಳಿಗೇ ತರಬೇಕು. ಆಗ ಸರಿಯಾದ ನಕ್ಷೆಯನ್ನು ಮತ್ತೆ ತುಂಬಿದರಾಯಿತು. ಎಸೆನ್‌ಗುಲ್ ನಡೆದ ಜಾಡು ಯಂತ್ರದಲ್ಲಿ ಉಳಿದಿರುತ್ತದೆ, ಅದನ್ನು ಅಳಿಸಬಾರದು. ನಕ್ಷೆ ಒಂದು ದಾರಿ ಹೇಳಿತು, ಜಂಭದ ಮನುಷ್ಯ ಇನ್ನೊಂದು ದಾರಿ ಹಿಡಿದ ಎಂದು ಅದೇ ಸಾಕ್ಷಿ ಹೇಳುತ್ತದೆ. ಕೆಲಸ ಮುಗಿದ ಮೇಲೆ ಯಾವ ನಕಲನ್ನೂ, ಹಳೆಯದಾಗಲಿ ತಿದ್ದಿದ್ದಾಗಲಿ, ಅವನು ತನ್ನ ಬಳಿ ಇಟ್ಟುಕೊಳ್ಳಲಿಲ್ಲ. ಸರಿಯಾದ ನಕ್ಷೆ ಕಚೇರಿಯ ದೊಡ್ಡ ಕಂಪ್ಯೂಟರಿನಲ್ಲಿ ಹೇಗೂ ಇದ್ದೇ ಇತ್ತು.

ಆರನೇ ತಾರೀಕು ಬೆಳಿಗ್ಗೆ ಎಸೆನ್‌ಗುಲ್ ಕುದುರೆಯ ಮೇಲಿಂದಲೇ ಕೈ ಚಾಚಿದ.

"ಏನಪ್ಪ ಬಣ್ಣಗಾರ, ಹೊಳೆಗೆ ನೀಲಿನೇ ಬಳಿದಿದ್ದೀಯಾ ತಾನೆ? ಹಳದಿಯಾಗಿಲ್ವಲ್ಲ?"

"ನೀಲಿನೇ ಬೈಕೆ," ಎಂದು ಅಣ್ಣನನ್ನು ಕರೆಯುವ ಮರ್ಯಾದೆಯಲ್ಲೇ ಹೇಳಿ ಜೋಲ್ಚುಬೆಕ್ ಯಂತ್ರವನ್ನು ಕೊಟ್ಟ. ಅದರ ಪಟ್ಟಿ ತಿರುಚಿಕೊಂಡಿತ್ತು. ಅದನ್ನೂ ಬಿಡಿಸಿ ಸರಿಮಾಡಿದ.

ಸಂಜೆಯ ಹೊತ್ತಿಗೆ ಕುದುರೆಯೊಂದೇ ಕುರಿಗಾಹಿಗಳ ಬಿಡಾರಕ್ಕೆ ಬಂತು. ಮಾರನೆಯ ದಿನ ಮೂರು ಕಿಲೋಮೀಟರ್ ಕೆಳಗೆ, ಪೊದೆಯ ಬೇರುಗಳಲ್ಲಿ ಹೆಣ ಸಿಕ್ಕಿತು. ಎದುರಿನ ಇಳಿಜಾರಿನಲ್ಲಿದ್ದ ಒಬ್ಬ ಕುರಿಗಾಹಿ ಎಲ್ಲವನ್ನೂ ನೋಡಿದ್ದ. "ಕೂಗಿ ಕೂಗಿ ಗಂಟಲು ಹರೀತು. ಆ ಮನುಷ್ಯ ತಲೆ ಎತ್ತಲಿಲ್ಲ. ಕೈಯಲ್ಲಿದ್ದದ್ದನ್ನು ನೋಡ್ಕೊಂಡು ನೇರ ನೀರಿಗಿಳಿದ," ಎಂದನಂತೆ.

ಅಂತ್ಯಕ್ರಿಯೆಯ ದಿನ ಅಂಗಳದಲ್ಲಿ ಬಿಳಿ ಉಣ್ಣೆಯ ಗುಡಾರ ಹಾಕಿದ್ದರು. ಒಳಗೆ ಹೆಂಗಸರು ಹಾಡಿ ಅಳುತ್ತಿದ್ದರು. ಹೊರಗೆ ದೊಡ್ಡ ಕಡಾಯಿಯಲ್ಲಿ ಕುದುರೆ ಮಾಂಸ ಬೇಯುತ್ತಿತ್ತು. ಜೋಲ್ಚುಬೆಕ್ ಮೂರನೆಯವನಾಗಿ ಹೆಣಕ್ಕೆ ಹೆಗಲು ಕೊಟ್ಟ, ಗುಂಡಿಗೆ ಮಣ್ಣೆಳೆದ. ಮಾಂಸ ಕಡಿಯುವವನು ಪಕ್ಕದಲ್ಲಿ ನಿಂತು, "ಪಾಪ, ಎಂಥಾ ಮನುಷ್ಯ," ಎಂದ. "ಹೌದು, ನೀರಿಗೆ ಹೆದರ್ತಾನೇ ಇರ್ಲಿಲ್ಲ," ಎಂದ ಜೋಲ್ಚುಬೆಕ್. ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಆ ವಾರ ಅವನು ಚೆನ್ನಾಗಿ ಊಟ ಮಾಡಿದ. ವರ್ಗಾವಣೆಯ ಆದೇಶ ಮೇಲಿನವರಿಂದಲೇ ರದ್ದಾಯಿತು, ಏಕೆಂದರೆ ಕಚೇರಿ ನಡೆಸಲು ಈಗ ಅವನೊಬ್ಬನೇ ಉಳಿದಿದ್ದ. ಎಸೆನ್‌ಗುಲ್‌ನ ಕುರ್ಚಿಯಲ್ಲಿ ಕೂತು ಬಂದ ಪತ್ರಗಳನ್ನೆಲ್ಲ ಅಂದಂದೇ ವಿಲೇವಾರಿ ಮಾಡಿದ.

ಇಪ್ಪತ್ತನೇ ತಾರೀಕು ತನಿಖಾಧಿಕಾರಿ ಬಂದಳು. ಹೆಸರು ಬುರುಲ್. ಐವತ್ತು ದಾಟಿದ ದಪ್ಪ ಹೆಂಗಸು, ಕಾಲಿನಲ್ಲಿ ಕೆಸರು ಮೆತ್ತಿದ ಬೂಟು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಅವಳು ಮೊಹರು ಹಾಕಿದ ಚೀಲವನ್ನು ಮೇಜಿನ ಮೇಲಿಟ್ಟಳು.

"ಸತ್ತೋರ ಕೊರಳಲ್ಲೇ ಇತ್ತು ತಮ್ಮಾ. ಅವತ್ತಿಂದ ನಮ್ಮ ಬೀರುವಿನಲ್ಲೇ ಇದೆ, ಯಾರೂ ಮುಟ್ಟಿಲ್ಲ. ಆ ಕುರಿಗಾಹಿ ಬಿಡ್ತಾ ಇಲ್ಲ. ಇದು ಅವರಿಗೇನು ತೋರಿಸ್ತು ನೋಡಿ ಅಂತ ಪ್ರಾಣ ತಿಂತಾನೆ. ನಮ್ಮಲ್ಲಿ ಯಾರಿಗೂ ಇದು ಬರಲ್ಲ."

"ಒಳಗೆ ಇನ್ನೂ ಒದ್ದೆಯಿದೆ ಎಜೆ. ಒಣಗಿಸಿ ಚಾರ್ಜ್ ಮಾಡ್ಬೇಕು. ಅರ್ಧ ಗಂಟೆ," ಎಂದ ಅವನು, ಅಕ್ಕನನ್ನು ಕರೆಯುವ ಧಾಟಿಯಲ್ಲಿ.

"ಹಾಗಾದ್ರೆ ನಾನು ಏನಾದ್ರೂ ತಿಂದು ಬರ್ತೀನಿ. ಬೆಳಗಿಂದ ಕುದುರೆ ಮೇಲೇ ಇದ್ದೀನಿ."

ಅವಳು ಕೆಳಗಿಳಿದು ರಸ್ತೆಯಾಚೆ ಮಾಂಸ ತುಂಬಿದ ಸಮ್ಸಾ ಸುಡುವ ಒಲೆಯ ಹತ್ತಿರ ನಿಂತದ್ದನ್ನು ಅವನು ಕಿಟಕಿಯಿಂದ ನೋಡಿದ. ಯಂತ್ರದ ಗಡಿಯಾರವನ್ನು ಜೂನ್ ಐದಕ್ಕೆ ತಿರುಗಿಸಿದ. ತಿದ್ದಿದ ನಕ್ಷೆಯನ್ನು ಅಳಿಸಿ, ಕಚೇರಿಯ ನಕ್ಷೆಯನ್ನು ತುಂಬಿ, ಗಡಿಯಾರವನ್ನು ಮತ್ತೆ ಇಂದಿಗೆ ತಂದ. ಯಾರು ಕೆದಕಿದರೂ ನಕ್ಷೆಯ ತಾರೀಕು ಪ್ರಯಾಣದ ಹಿಂದಿನ ದಿನದ್ದೇ ಕಾಣುತ್ತಿತ್ತು. ಎಲ್ಲ ಸೇರಿ ಹನ್ನೊಂದು ನಿಮಿಷ.

ಬುರುಲ್ ಬಾಯಿ ಒರೆಸಿಕೊಳ್ಳುತ್ತಾ ಬಂದು ಪರದೆಯ ಮೇಲೆ ಬಗ್ಗಿದಳು. ಅವನು ನಿಧಾನವಾಗಿ ತೋರಿಸಿದ: "ಇದು ದಾರಿ. ಇಲ್ಲಿ ದಾಟ್ಬೇಕಿತ್ತು, ನೀಲಿ ಗುರುತು ನೋಡಿ. ಈ ಕೆಂಪು ಚುಕ್ಕೆಗಳು ಬೈಕೆ ಹೋದ ಜಾಡು. ಇಲ್ಲೇ ದಾರಿ ಬಿಟ್ಟು ಕೆಳಗೆ ಹೋಗಿದ್ದಾರೆ. ಯಾಕೋ ದೇವರಿಗೇ ಗೊತ್ತು."

"ಅಂದ್ರೆ ನಕ್ಷೆ ಸರಿಯಾಗೇ ಇತ್ತು."

"ನನ್ನ ನಕ್ಷೆ ಎಜೆ ಅದು. ಒಂದು ಕಲ್ಲು ಕೂಡ ತಪ್ಪಿರಲ್ಲ."

"ನೀರಿಗೆ ಬೀಳೋ ಹೊತ್ತಲ್ಲೂ ಇದೇ ನಕ್ಷೆ ಅವರ ಕೈಯಲ್ಲಿದ್ದದ್ದು?"

"ಇದೇ. ತಾರೀಕು ನೋಡಿ, ಜೂನ್ ಐದು. ಆಮೇಲೆ ಯಾರು ಮುಟ್ಟಕ್ಕಾಗತ್ತೆ? ನಿಮ್ಮ ಬೀರುವಲ್ಲೇ ಇತ್ತಲ್ಲ."

ಅವಳು ಅಷ್ಟನ್ನೂ ಬರೆದುಕೊಂಡಳು. ಅವನು ಓದಿ ಸಹಿ ಮಾಡಿದ. ಅವಳು ಕಾಗದ ಮಡಚಿ ಜೇಬಿಗಿಟ್ಟು, ಎದ್ದು, ಮತ್ತೆ ಪರದೆಯ ಮೇಲೆ ದಪ್ಪ ಬೆರಳಿಟ್ಟಳು.

"ನೀಲಿ ಗುರುತಿನ ಪಕ್ಕದಲ್ಲಿ ಹೊಳೆಗೆ ಅಡ್ಡಲಾಗಿ ಎರಡು ಸಣ್ಣ ಕಪ್ಪು ಗೆರೆ ಇದೆಯಲ್ಲ. ಇದೇನು ತಮ್ಮಾ?"

"ಕಾಲುಸೇತುವೆ," ಎಂದ ಜೋಲ್ಚುಬೆಕ್. ತನ್ನ ಕಸುಬಿನ ಪ್ರಶ್ನೆಗೆ ಅವನು ಎಂದೂ ತಡವರಿಸಿದವನಲ್ಲ. "ಕಬ್ಬಿಣದ್ದು. ಹದಿನೆಂಟು ಮೀಟರ್."

ಬುರುಲ್ ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು ಬೂಟಿನ ಅಡಿಯನ್ನು ತೋರಿಸಿದಳು. ಕೆಸರಿನ ನಡುವೆ ಹಸಿರು ಬಣ್ಣ ಮೆತ್ತಿಕೊಂಡಿತ್ತು. "ಇವತ್ತು ಬೆಳಿಗ್ಗೆ ಕುದುರೆಯಿಂದ ಇಳಿದು ಅದರ ಮೇಲೇ ನಡೆದು ಬಂದೆ, ಬಣ್ಣ ಇನ್ನೂ ಒಣಗಿಲ್ಲ," ಎಂದಳು. ಸೇತುವೆ ಮುಗಿದ ಪತ್ರ ರಸ್ತೆ ಇಲಾಖೆಯಿಂದ ಹದಿನೇಳನೇ ತಾರೀಕು ಬಂದಿತ್ತು, ಕಚೇರಿಯ ನಕ್ಷೆಯಲ್ಲಿ ಅಂದೇ ಆ ಎರಡು ಗೆರೆ ಎಳೆದವನು ತಾನೇ ಎಂಬುದು ಜೋಲ್ಚುಬೆಕ್‌ಗೆ ನೆನಪಾಯಿತು. ಅವಳು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು ಕೂತಳು. "ಎಸೆನ್‌ಗುಲ್ ಸತ್ತರು ಅಂತಲೇ ಆ ಸೇತುವೆ ಕಟ್ಟಿದ್ದು ತಮ್ಮಾ. ಅದು ಅವರ ನಕ್ಷೆಯಲ್ಲಿ ಹೇಗೆ ಬಂತು?"