ದೆಹಲಿಗೆ ಹೊರಟವಳ ಉಡಿ

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಎದುರು ನಿಂತವರ ಮಾತೂ ಕೇಳಿಸದು. ಆದರೂ ಮಧುಮತಿ ಬಾಗಿಲಿಗೆ ಬಂದು ನಿಂತದ್ದು ಗೌರೀಶನಿಗೆ ತಿಳಿಯಿತು. ತನ್ನ ನಾಲ್ಕೂ ವಿದ್ಯುತ್ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿದ.

“ದಿಲ್ಲಿಗಿ ಹೋಗಬ್ಯಾಡ ಅನ್ನಾಕ ನಿಮಗ ಬಾಯಿ ಇರಲಿಲ್ಲೇನ್ರಿ? ನಿಮ್ಮ ಅವ್ವಾರನ್ನ ಯಾಕ ಕಳಿಸಿದ್ರಿ?”

ಅವಳ ಕಣ್ಣು ಕೆಂಪಾಗಿತ್ತು. ಅವನಿಗೆ ಏನೂ ಅರ್ಥವಾಗಲಿಲ್ಲ.

ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸದ ಎಂ.ಎ.ಗೆ ಅವಳಿಗೆ ಸೀಟು ಸಿಕ್ಕಿತ್ತು. ಒಪ್ಪಿಗೆ ಕೊಡಲು ಇಂದು ಸಂಜೆ ಐದು ಗಂಟೆಯೇ ಕೊನೆ. ಮೂರು ದಿನದಿಂದ ಊಟ ಸೇರದು, ಕೂತಲ್ಲಿ ಕೂರಲಾರಳು. ತಂದೆ ಶಂಕರೆಪ್ಪ, ನಿನ್ನ ಮನಸ್ಸಿಗೆ ಬಂದಂತೆ ಮಾಡು ಎಂದು ಬಿಟ್ಟಿದ್ದರು. ಆದರೆ ಮನಸ್ಸೇ ಎರಡಾಗಿತ್ತಲ್ಲ... ಎರಡು ವರ್ಷದಿಂದ ಗೌರೀಶನೂ ಅವಳೂ ಕಣ್ಣಲ್ಲೇ ಮಾತಾಡಿಕೊಂಡಿದ್ದರು. ಬಾಯಿ ಬಿಟ್ಟು ಇಬ್ಬರೂ ಏನೂ ಹೇಳಿರಲಿಲ್ಲ.

ಇಂದು ಬೆಳಿಗ್ಗೆ ಗೌರೀಶನ ತಾಯಿ ಗುರುಬಸವ್ವ ಬಂದು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಖಣ ಹಾಕಿ ಅವಳ ಉಡಿ ತುಂಬಿದ್ದರು. ಗೋಡೆಯ ಮೇಲೆ ಮಾಲೆ ಹಾಕಿದ ಅವಳ ಅವ್ವನ ಪಟ ಕಂಡದ್ದೇ ದುಃಖ ಉಕ್ಕಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಏಕೆ ತುಂಬಿದೆನೆಂದೂ ಹೇಳದೆ ಹೋಗಿಬಿಟ್ಟರು. ಕಳೆದ ಶ್ರಾವಣದಲ್ಲಿ ಶಿವನ ಪಾದ ಸೇರಿದ ಜೀವ ಅದು. ಆ ಮನೆಯಲ್ಲಿ ಇನ್ನೂ ಯಾರ ಕಣ್ಣೂ ಆರಿರಲಿಲ್ಲ.

ಹೆಣ್ಣು ಗೊತ್ತು ಮಾಡುವಾಗ ಉಡಿ ತುಂಬುತ್ತಾರೆ. ಮಧುಮತಿ ಹಾಗೆಂದೇ ತಿಳಿದಳು. ‘ನನ್ನನ್ನು ಕಟ್ಟಿಹಾಕಲು... ಅದೂ ಇವತ್ತೇ!’ ಬಯಸಿದ್ದೇ ಬಂದಿತ್ತು. ಆದರೂ ಉಸಿರು ಕಟ್ಟಿತು.

ಅವಳು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಗೌರೀಶ ಕೈಗಂಟಿದ ನೂಲು ಬಿಡಿಸಿಕೊಳ್ಳುತ್ತ ನಿಂತಿದ್ದ.

“ಹೋಗಬ್ಯಾಡ ಅಂತಲ್ಲ. ಮಗಳು ದೂರ ಊರಿಗಿ ಹೊಂಟಾಗ ಬರೀ ಉಡಿಲೆ ಕಳಸಬಾರದು. ನಿಮ್ಮವ್ವ ಇದ್ದಿದ್ರ ಅವರಽ ತುಂಬತಿದ್ರು. ನೀ ಹೋಗಾಕಿ ಅಂತನ ನಮ್ಮವ್ವಗ ಹೇಳಿ ಕಳಿಸೀನಿ.”

ಅವಳು ಹೊಸ್ತಿಲ ಬಳಿ ಕುಳಿತಳು. ಅವ್ವ ಇದ್ದಿದ್ದರೆ... ಸಿಟ್ಟು ಕರಗಿತು, ಅದರ ಜಾಗಕ್ಕೆ ಬೇರೊಂದು ಸಂಕಟ ಬಂತು.

“ಹಂಗಾರ ನನ್ನ ಕಳಿಸಾಕ ನಿಮಗ ಅಷ್ಟ ಅವಸರ ಆಗೇತಿ.”

“ಅವಸರಲ್ಲ, ಮಧು. ಅಂಜಿಕಿ. ಇರು ಅಂದ್ರ ನೀ ಇದ್ದಬಿಡ್ತಿ. ಆಮ್ಯಾಲ ಜೀವನಪೂರ್ತಿ ನಿನ್ನ ಮಾರಿ ಹೆಂಗ ನೋಡ್ಲಿ? ನೀ ಬೇಕು ಅಂತ ಎರಡ ವರ್ಷದಿಂದ ಮನಸಿನ್ಯಾಗ ಅನ್ಕೋತ ಬಂದೀನಿ. ಆದ್ರ ಹಿಂಗ ಬ್ಯಾಡ.”

ಅವಳು ಫೋನು ತೆಗೆದಳು. ಐದಕ್ಕೆ ಇನ್ನು ಹನ್ನೊಂದು ನಿಮಿಷ. ಶಿವನನ್ನು ನೆನೆದು ಒಪ್ಪಿಗೆಯ ಗುಂಡಿ ಒತ್ತಿದಳು.

“ಅಲ್ಲಿ ಜ್ವಾಳದ ರೊಟ್ಟಿ ಸಿಗೂದಿಲ್ಲಂತ” ಎಂದಳು, ಕೆನ್ನೆ ಒರೆಸಿಕೊಳ್ಳುತ್ತ.

“ತಿಂಗಳಿಗೊಮ್ಮಿ ಒಣಾ ಕಟಕ ರೊಟ್ಟಿ ಪಾರ್ಸೆಲ್ ಹಾಕ್ತೀನಿ.”

“ಪಾರ್ಸೆಲ್ ಬ್ಯಾಡ. ತಗೊಂಡ ನೀವಽ ಬರ್ರಿ.”