ಓದದೆ ಹಾಕಿದ ಸಹಿ

ಸೋಮವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ 9.40ಕ್ಕೆ ಶಾಲೆಯ ಮುಖ್ಯೋಪಾಧ್ಯಾಯಿನಿ ಠಾಣೆಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ದೂರನ್ನು ಮನೆಯಲ್ಲೇ ಬರೆದು ತಂದಿದ್ದರು, ಒಂದೂವರೆ ಪುಟ.

"ಏನು ಕಳೆದಿದೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಒಂದು ಯಂತ್ರ. ಅರವತ್ತನಾಲ್ಕು ಉತ್ತರ ಪತ್ರಿಕೆ."

"ಉತ್ತರ ಪತ್ರಿಕೆ ಯಾರಿಗೆ ಬೇಕು?"

"ನನಗೆ ಬೇಕು. ಶುಕ್ರವಾರ ಸಂಜೆ ಐದರೊಳಗೆ ಅದರ ಅಂಕ ಕಳಿಸ್ದೇ ಹೋದ್ರೆ ನಮ್ಮ ಮಕ್ಕಳಿಗೆ ಬರಬೇಕಾದ ಮೂವತ್ತು ಯಂತ್ರ ಬೇರೆ ಶಾಲೆಗೆ ಹೋಗತ್ತೆ."

ಆ ಯಂತ್ರಕ್ಕೆ ಮಕ್ಕಳು ಓದುಪೆಟ್ಟಿಗೆ ಎಂದು ಹೆಸರಿಟ್ಟಿದ್ದರು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಮೇಲೆ ಬಗ್ಗಿದ ಕತ್ತಿನಂಥ ಕ್ಯಾಮೆರಾ. ಅದರ ಕೆಳಗೆ ಪುಸ್ತಕ ತೆರೆದಿಟ್ಟರೆ ಕಿವಿಗೆ ಓದಿ ಹೇಳುತ್ತದೆ. ಓದಲು ತಡವರಿಸುವ ಮಕ್ಕಳಿಗೆಂದು ಒಂದು ಕಂಪನಿ ಆರು ಪೆಟ್ಟಿಗೆಗಳನ್ನು ಆರು ತಿಂಗಳ ಮಟ್ಟಿಗೆ ಕೊಟ್ಟಿತ್ತು. ಉಪಯೋಗವಾಯಿತು ಎಂದು ರುಜುವಾತಾದರೆ ಇನ್ನೂ ಮೂವತ್ತಕ್ಕೆ ದತ್ತಿ ಸಂಸ್ಥೆಯೊಂದು ಹಣ ಕೊಡುವುದೆಂದು ಒಪ್ಪಂದ. ರುಜುವಾತು ಎಂದರೆ ಆ ಪತ್ರಿಕೆಗಳೇ: ಪೆಟ್ಟಿಗೆ ಬಳಸಿದ ತರಗತಿಯವು ಮೂವತ್ತೆರಡು, ಬಳಸದ ತರಗತಿಯವು ಮೂವತ್ತೆರಡು. ಶನಿವಾರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಸೋಮವಾರ ಮುಖ್ಯೋಪಾಧ್ಯಾಯಿನಿ ಬೇಗ ಬಂದು ತೆರೆದಾಗ ಇರಲಿಲ್ಲ. ಬೀಗ ಮಾತ್ರ ಭದ್ರವಾಗಿತ್ತು.

10.05ಕ್ಕೆ ಎಫ್‌ಐಆರ್ ದಾಖಲಾಯಿತು. 10.30ಕ್ಕೆ ಇನ್‌ಸ್ಪೆಕ್ಟರ್, ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್ ಮತ್ತು ಇಬ್ಬರು ಪೇದೆಗಳು ಶಾಲೆಯಲ್ಲಿದ್ದರು. ಬರೆಯುವ ಹೆಡ್ ಕಾನ್‌ಸ್ಟೇಬಲ್‌ನನ್ನು ಎಲ್ಲರೂ ರೈಟರ್ ಎನ್ನುತ್ತಾರೆ. ಆತನ ಕೈ ಓಡುವ ವೇಗಕ್ಕೆ ತಲೆ ಯಾವತ್ತೂ ಸಾಟಿಯಾಗಿರಲಿಲ್ಲ.

ಪರೀಕ್ಷಾ ಕೊಠಡಿಯಲ್ಲಿ ಕಬ್ಬಿಣದ ಬೀರು, ಉದ್ದನೆಯ ಮೇಜು, ಹನ್ನೆರಡು ಕುರ್ಚಿ. ಬೀರುವಿನ ಕೆಳಗಿನ ಖಾನೆಯಲ್ಲಿ ಐದು ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಆರನೆಯದರ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ. ಪಂಚನಾಮೆಗೆ ಇಬ್ಬರು ಪಂಚರು ಬೇಕಿತ್ತು. ಎದುರಿನ ಕಾಗದದಂಗಡಿಯವನನ್ನು ಕರೆದರು. ಇನ್ನೊಬ್ಬರಾಗಿ ಭೂತಗನ್ನಡಿ ಮೇಷ್ಟ್ರು ನಿಂತರು. ಮೂವತ್ತೊಂದು ವರ್ಷದಿಂದ ಭಾಷೆ ಕಲಿಸುತ್ತಿದ್ದ ಅವರಿಗೆ ಆ ಅಡ್ಡಹೆಸರನ್ನು ಶಿಕ್ಷಕರೇ ಇಟ್ಟಿದ್ದರು. ಏಕೆಂದರೆ ಯಾವ ಕಾಗದಕ್ಕೂ ಅವರು ಮೂರು ಸಲ ಓದದೆ ಸಹಿ ಹಾಕಿದವರಲ್ಲ. ರೈಟರ್ ಬರೆದ, ಪಂಚರು ಸಹಿ ಹಾಕಿದರು, ಇನ್‌ಸ್ಪೆಕ್ಟರ್ ಸಹಿ ಹಾಕಿದಳು, ಕೊಠಡಿಗೆ ಮೊಹರು ಬಿತ್ತು.

"ಪತ್ರಿಕೆ ತಿದ್ದೋರು ಯಾರು?"

"ಇವರೇ," ಎಂದರು ಮುಖ್ಯೋಪಾಧ್ಯಾಯಿನಿ, ಮೇಷ್ಟ್ರ ಕಡೆ ತೋರಿಸುತ್ತ. "ಪೆಟ್ಟಿಗೆ ಬೇಡವೇ ಬೇಡ ಅಂತ ಸಭೆಯಲ್ಲಿ ಕೂಗಾಡಿದ್ದೂ ಇವರೇ. ಬೇಡ ಅನ್ನೋರ ಕೈಯಲ್ಲೇ ಅಳತೆಕೋಲು ಕೊಟ್ರೆ ಅಳತೆ ಮೇಲೆ ಯಾರೂ ಅನುಮಾನ ಪಡಲ್ಲ ಅಂತ ನಾನೇ ಆರಿಸಿದೆ. ಇವತ್ತು ಹತ್ತಕ್ಕೆ ಇದೇ ಮೇಜಿನ ಮೇಲೆ, ಎಲ್ಲರ ಎದುರು ಶುರು ಮಾಡ್ಬೇಕಿತ್ತು. ಪತ್ರಿಕೆ ಕೊಠಡಿ ದಾಟಬಾರದು ಅಂತ ನಿಯಮ."

"ಈಗಲೂ ಬೇಡ್ವಾ ಮೇಷ್ಟ್ರೇ?"

"ಓದೋದು ಕಣ್ಣಿಗೂ ನಾಲಿಗೆಗೂ ಸೇರಿದ ಕೆಲಸ ಮೇಡಂ," ಎಂದರು ಮೇಷ್ಟ್ರು. "ಕಿವಿಗೆ ಬಿಟ್ಟುಕೊಟ್ರೆ ಮಗು ಸೋಮಾರಿ ಆಗತ್ತೆ."

ಬೀರುವಿನ ಒಂದು ಕೀಲಿ ಮುಖ್ಯೋಪಾಧ್ಯಾಯಿನಿಯ ಕೈಚೀಲದಲ್ಲಿತ್ತು. ಇನ್ನೊಂದು ಅಟೆಂಡರ್‌ನ ಗೊಂಚಲಿನಲ್ಲಿ. ಆತ ಐವತ್ತೆಂಟರ ಸಣಕಲು ಮನುಷ್ಯ, ಮಾತು ಕಡಿಮೆ.

"ಶನಿವಾರ ಕೀಲಿ ಎಲ್ಲಿತ್ತು?"

"ಸೊಂಟದಲ್ಲಿ."

"ಇಡೀ ದಿನ?"

"ಮೊದಲ ಗಂಟೆ, ಕೊನೇ ಗಂಟೆ ಹೊಡೆಯೋಕೆ ಹೋದಾಗ ಶಿಕ್ಷಕರ ಕೋಣೆ ಮೊಳೆಗೆ ಹಾಕ್ತೀನಿ. ಗೇಟು ಹಾಕಿ ಬಂದು ತಗೋತೀನಿ."

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ."

"ಆಗ ಕೋಣೆಯಲ್ಲಿ ಯಾರಿದ್ರು?"

"ಎಲ್ಲರೂ ಇರ್ತಾರೆ, ಯಾರೂ ಇರಲ್ಲ. ಶನಿವಾರ ಅಲ್ವಾ ಮೇಡಂ."

ಗೊಂಚಲು ಜಪ್ತಿಯಾಯಿತು. ಸಂಜೆ ಆತನ ಎರಡು ಕೋಣೆಯ ಮನೆಯ ಶೋಧವೂ ಆಯಿತು. ಪೇದೆಗಳು ಹಾಸಿಗೆ ಮಗುಚಿದರು, ಡಬ್ಬಿ ತೆರೆದರು. ಹೆಂಡತಿ ಬಾಗಿಲಲ್ಲಿ ನಿಂತು ಅಕ್ಕಪಕ್ಕದವರ ಮುಖ ನೋಡದೆ ನೆಲ ನೋಡುತ್ತಿದ್ದಳು. ಏನೂ ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆ ಆಡಳಿತ ಮಂಡಳಿ, ತನಿಖೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದು ಆತನಿಗೆ ಚೀಟಿ ಕಳಿಸಿತು. ಪಿಂಚಣಿಗೆ ಎರಡು ವರ್ಷ ಬಾಕಿ ಇತ್ತು.

ಮಧ್ಯಾಹ್ನ ಮೇಲಧಿಕಾರಿಯ ಫೋನ್. "ಕೀಲಿ ಯಾರ ಹತ್ರ ಇತ್ತು? ಅವನೇ. ಒಳಗೆ ಹಾಕಿ, ನಾಳೆ ಬಾಯಿ ಬಿಡ್ತಾನೆ."

"ಸಾರ್, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಕೆಲಸ ನಾನು ಮಾಡಲ್ಲ."

"ಹಾಗಾದ್ರೆ ಎತ್ತನ್ನ ತೋರಿಸಿ."

"ತೋರಿಸ್ತೀನಿ. ಶುಕ್ರವಾರದೊಳಗೆ."

ಹೇಳಿದ್ದೇನೋ ಹೇಳಿದಳು. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಹಳೆಯ ಸಾಮಾನು ಕೊಳ್ಳುವ ಹನ್ನೊಂದು ಅಂಗಡಿಗಳನ್ನು ಪೇದೆಗಳು ಜಾಲಾಡಿ ಬರಿಗೈಯಲ್ಲಿ ಬಂದರು. ರದ್ದಿಯವರು ಪತ್ರಿಕೆಗಳ ಕಟ್ಟು ನೋಡಿರಲಿಲ್ಲ. ಅವಳನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ.

"ಮಾರೋ ಕಳ್ಳ ಆದ್ರೆ ಆರೂ ಒಯ್ತಿದ್ದ," ಎಂದಳು ರೈಟರ್‌ಗೆ. "ಇವನು ಒಂದೇ ಒಯ್ದಿದಾನೆ. ಚಾರ್ಜರ್ ಸಮೇತ, ಕಿವಿಗೆ ಹಾಕೋದರ ಸಮೇತ. ಅಂದ್ರೆ ಬಳಸೋಕೆ. ಯಂತ್ರ ಬೇಕು ಅನ್ನೋನು ಪತ್ರಿಕೆ ಯಾಕೆ ಕದೀತಾನೆ? ಅದಿಲ್ದೇ ಇದ್ರೆ ಯಂತ್ರವೇ ಬರಲ್ಲ. ಯಂತ್ರ ಬೇಡ ಅನ್ನೋನು ಪತ್ರಿಕೆ ಕದೀಲಿ, ಸರಿ. ಪೆಟ್ಟಿಗೆ ಯಾಕೆ ಒಯ್ದ?"

"ಇಬ್ಬರು ಕಳ್ಳರೇನೋ ಮೇಡಂ."

"ಒಂದೇ ಬೀಗಕ್ಕೆ, ಒಂದೇ ದಿನ?"

ಬುಧವಾರ ಬೆಳಿಗ್ಗೆ 11 ಗಂಟೆಗೆ ಇನ್‌ಸ್ಪೆಕ್ಟರ್ ಕಡತವನ್ನು ಮೊದಲ ಹಾಳೆಯಿಂದ ಓದಲು ಕೂತಳು. ಸ್ಥಳ ಪಂಚನಾಮೆಯ ಮೂರನೇ ಸಾಲಿಗೆ ಬಂದವಳು ನಿಂತಳು. 'ಬೀರುವಿನಲ್ಲಿದ್ದ ಆರು ಯಂತ್ರಗಳ ಪೈಕಿ ಐದು ಕಳುವಾಗಿದ್ದು, ಒಂದು ಮಾತ್ರ ಉಳಿದಿರುತ್ತದೆ.'

"ರೈಟರ್!"

ರೈಟರ್ ಓದಿದ, ನಾಲಿಗೆ ಕಚ್ಚಿಕೊಂಡ. "ಅದಲು ಬದಲಾಗಿದೆ ಮೇಡಂ. ತಪ್ಪಾಯ್ತು."

"ನಿನ್ನದು ಒಂದು ತಪ್ಪು. ಓದದೆ ಸಹಿ ಹಾಕಿದ್ದು ನನ್ನದು." ಅವಳಿಗೆ ನಿಜಕ್ಕೂ ನಾಚಿಕೆಯಾಯಿತು. ಕಾಗದದಂಗಡಿಯವನು ಓದಿರಲಿಲ್ಲ, ಅವನಿಗೆ ಗಿರಾಕಿ ಕಾಯುತ್ತಿದ್ದರು. ಇನ್ನುಳಿದದ್ದು ಒಂದು ಸಹಿ. ದುಂಡನೆಯ ಅಕ್ಷರ, ಆದರೆ ಗೆರೆ ಬಿಟ್ಟು ಮೇಲಕ್ಕೆ ಹೋಗಿತ್ತು.

ಅವಳು ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದಳು. "ಭೂತಗನ್ನಡಿ ಮೇಷ್ಟ್ರು ಓದದೆ ಸಹಿ ಹಾಕ್ತಾರಾ?"

ಆ ಕಡೆಯಿಂದ ನಗು. "ಅವರಾ? ಒಮ್ಮೆ ಸಭೆಯ ವರದಿಯಲ್ಲಿ ಹನ್ನೆರಡು ಕುರ್ಚಿ ಬದಲು ಇಪ್ಪತ್ತೊಂದು ಅಂತ ಬಿದ್ದಿತ್ತು. ತಿದ್ದಿ ಹೊಸದಾಗಿ ಬರೆಯೋ ತನಕ ನಮ್ಮನ್ನ ಮನೆಗೆ ಬಿಡ್ಲಿಲ್ಲ."

"ಅದು ಯಾವಾಗ?"

"ಮೂರು ವರ್ಷ ಆಯ್ತೇನೋ." ನಗು ನಿಂತಿತು. "ಈಗೀಗ ಸುಮ್ನೆ ಹಾಕ್ತಾರೆ. ವಯಸ್ಸಾಯ್ತು, ಮೆತ್ತಗಾದ್ರು ಅಂದುಕೊಂಡಿದ್ವಿ."

"ಪತ್ರಿಕೆ ಎಲ್ಲಿ ತಿದ್ತಿದ್ರು?"

"ಮನೆಗೆ ಒಯ್ತಿದ್ರು. ಅವರ ಮನೆಯವರೂ ಓದಿದವರು. ಈಗ ಮಗಳ ಹೆರಿಗೆಗೆ ಅಂತ ಹೋಗಿ ತಿಂಗಳಾಯ್ತು."

ಇನ್‌ಸ್ಪೆಕ್ಟರ್ ಫೋನ್ ಇಟ್ಟಳು. ಅನುಮಾನದ ಮೇಲೆ ಒಬ್ಬ ಮೇಷ್ಟ್ರ ಮನೆ ಶೋಧಿಸಲು ಅವಳಿಗೆ ಮನಸ್ಸಿರಲಿಲ್ಲ. ಹಾಗೆ ಶೋಧಿಸಿದ ಒಂದು ಮನೆಯ ಬಾಗಿಲಲ್ಲಿ ನಿಂತ ಹೆಂಗಸಿನ ಮುಖ ಇನ್ನೂ ಕಣ್ಣ ಮುಂದಿತ್ತು.

ಗುರುವಾರ ಬೆಳಿಗ್ಗೆ 10.15. ಮುಖ್ಯೋಪಾಧ್ಯಾಯಿನಿಯ ಕೋಣೆ. ತಮ್ಮ ಕುರ್ಚಿಯಲ್ಲಿ ಅವರು, ಬಾಗಿಲ ಬಳಿ ರೈಟರ್.

"ಮೇಷ್ಟ್ರೇ, ಸೋಮವಾರ ನೀವು ಕೊಟ್ಟ ಹೇಳಿಕೆ ಟೈಪ್ ಮಾಡಿಸಿದೀವಿ. ಓದಿ, ಸರಿ ಇದ್ರೆ ಸಹಿ ಹಾಕಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದರು. ಕತ್ತು ಸಾಲಿನಿಂದ ಸಾಲಿಗೆ ಇಳಿಯಿತು. ಓದಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಪುಟದ ಕೊನೆಗೆ ಬಂದಾಗ ತಲೆಯಾಡಿಸಿದರು.

"ಸರಿಯಾಗಿದೆ. ಎಲ್ಲಿ ಹಾಕ್ಲಿ? ಬೆರಳಿಟ್ಟು ತೋರಿಸಿ."

ಇನ್‌ಸ್ಪೆಕ್ಟರ್ ಬೆರಳಿಡಲಿಲ್ಲ. ಕಾಗದವನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡಳು.

"ಇದು ನಮ್ಮ ಠಾಣೆಯ ಈ ವಾರದ ಪಾಳಿ ಪಟ್ಟಿ, ಮೇಷ್ಟ್ರೇ."

ಹೊರಗೆ ಯಾವುದೋ ತರಗತಿ ಮಗ್ಗಿ ಹೇಳುತ್ತಿತ್ತು. ಏಳರ ಮಗ್ಗಿ ಮುಗಿದು ಎಂಟರದು ಶುರುವಾಯಿತು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ದಿನದಿಂದ?" ಇನ್‌ಸ್ಪೆಕ್ಟರ್ ಕೇಳಿದಳು.

"ಎರಡು ವರ್ಷ. ನೋಟದ ನಟ್ಟ ನಡುವೆ ಒಂದು ಬೂದು ಮಚ್ಚೆ. ಅಂಚು ಕಾಣ್ಸತ್ತೆ, ಅದಕ್ಕೇ ಓಡಾಡ್ತೀನಿ. ಎಲ್ಲಿ ನೋಡ್ತೀನೋ ಅದೊಂದೇ ಕಾಣ್ಸಲ್ಲ. ವಾಸಿಯಾಗಲ್ಲ ಅಂದ್ರು."

"ಪಾಠ?"

"ಮೂವತ್ತೊಂದು ವರ್ಷದ ಪಾಠ ಮೇಡಂ. ಪುಸ್ತಕ ಕೈಯಲ್ಲಿರತ್ತೆ, ಪಾಠ ಬಾಯಲ್ಲಿರತ್ತೆ. ಪತ್ರಿಕೆ ನಮ್ಮ ಮನೆಯವಳು ಓದ್ತಿದ್ಲು, ನಾನು ಅಂಕ ಹೇಳ್ತಿದ್ದೆ. ಕೊನೇ ಪೇಪರಿನ ತನಕ ಸರಿಯಾಗೇ ತಿದ್ದಿದೀನಿ."

"ಶನಿವಾರ?"

"ಸೋಮವಾರ ಎಲ್ಲರ ಎದುರು ಕೂರಬೇಕಿತ್ತು. ಮೊದಲನೇ ಹಾಳೆಗೇ ಬಣ್ಣ ಬಯಲಾಗ್ತಿತ್ತು. ಮೊಳೆಯಿಂದ ಕೀಲಿ ತಗೊಂಡೆ. ಪೆಟ್ಟಿಗೆ ಓದತ್ತಲ್ಲ, ಭಾನುವಾರ ಪೂರ್ತಿ ಓದಿಸಿ, ಅಂಕ ಮನಸ್ಸಲ್ಲಿಟ್ಟುಕೊಂಡು, ಬೆಳಿಗ್ಗೆ ಬೇಗ ಬಂದು, ಮೊದಲ ಗಂಟೆಗೆ ಕೀಲಿ ಮತ್ತೆ ಮೊಳೆಗೆ ಬಿದ್ದಾಗ ವಾಪಸ್ ಇಡೋದು ಅಂತ."

"ಮತ್ತೆ ಯಾಕೆ ಇಡ್ಲಿಲ್ಲ?"

ಮೇಷ್ಟ್ರು ಒಣ ನಗೆ ನಕ್ಕರು. "ಅಚ್ಚಿನ ಅಕ್ಷರ ನೀರು ಕುಡಿದ ಹಾಗೆ ಓದತ್ತೆ. ಮಕ್ಕಳ ಕೈಬರಹ ಇಟ್ರೆ 'ಅಕ್ಷರ ಸ್ಪಷ್ಟವಾಗಿಲ್ಲ' ಅನ್ನತ್ತೆ. ಅರವತ್ತನಾಲ್ಕೂ ಇಟ್ಟೆ. ಅರವತ್ತನಾಲ್ಕಕ್ಕೂ ಅದನ್ನೇ ಅಂತು. ಬೆಳಿಗ್ಗೆ ಬರೋ ಹೊತ್ತಿಗೆ ಇವರು ಬಂದು ಬೀರು ತೆರೆದಾಗಿತ್ತು. ಆಮೇಲೆ ನೀವು ಮೊಹರು ಹಾಕಿದ್ರಿ."

"ಒಂದು ಪೆಟ್ಟಿಗೆ ಬೇಕು, ಕಣ್ಣು ಕಾಣಲ್ಲ ಅಂತ ಕೇಳಿದ್ರೆ ಕೊಡ್ತಿರ್ಲಿಲ್ವಾ ಇವರು?"

"ಪೆಟ್ಟಿಗೆ ಹಿಡಿದು ಓದೋ ಮಗು ಸೋಮಾರಿ ಅಂತ ತುಂಬಿದ ಸಭೆಯಲ್ಲಿ ಅಂದವನು ನಾನು. ಉಗುಳಿದ್ದನ್ನ ಹೇಗೆ ನುಂಗ್ಲಿ?"

ಇನ್‌ಸ್ಪೆಕ್ಟರ್‌ಗೆ ಮರುಕವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಕಣ್ಣು ಹೋಗಿದ್ದು ನಿಮ್ಮ ತಪ್ಪಲ್ಲ ಮೇಷ್ಟ್ರೇ. ನಾವು ಅಟೆಂಡರ್ ಮನೆಯ ಹಾಸಿಗೆ ಮಗುಚ್ತಿದ್ದಾಗ ಬಾಯಿ ಮುಚ್ಚಿಕೊಂಡಿದ್ದು ನಿಮ್ಮ ತಪ್ಪು. ಬಾಯಿಗೆ ಯಾವ ಮಚ್ಚೆಯೂ ಇರ್ಲಿಲ್ಲ."

ಮೇಷ್ಟ್ರು ತಲೆ ತಗ್ಗಿಸಿದರು.

11.40ಕ್ಕೆ ಅವರ ಮನೆಯಲ್ಲಿ ಜಪ್ತಿ ನಡೆಯಿತು. ಮೇಜಿನ ಮೇಲೆ ದೀಪ, ದೀಪದಡಿ ಪೆಟ್ಟಿಗೆ. ಪಕ್ಕದಲ್ಲಿ ಅಂಚಿಗೆ ಅಂಚು ಕೂಡಿಸಿಟ್ಟ ಎರಡು ಕಟ್ಟು, ಒಂದು ಹಾಳೆಯೂ ಮಡಿಚಿರಲಿಲ್ಲ. ರೈಟರ್ ಪಂಚನಾಮೆ ಬರೆದು ಮುಂದಿಟ್ಟ.

"ಓದಿ ಹೇಳಿ," ಎಂದರು ಮೇಷ್ಟ್ರು. ಎರಡು ವರ್ಷದಲ್ಲಿ ಬೇರೆಯವರ ಎದುರು ಅವರು ಆ ಮಾತು ಆಡಿದ್ದು ಅದೇ ಮೊದಲು.

ರೈಟರ್ ಓದಿದ. ಐದನೇ ಸಾಲಿನಲ್ಲಿ ಮೇಷ್ಟ್ರು ಕೈ ಎತ್ತಿದರು. "ನಲವತ್ತಾರಲ್ಲ, ಅರವತ್ತನಾಲ್ಕು. ತಿದ್ದಿ."

ರೈಟರ್ ಕಟ್ಟು ಎಣಿಸಿದ, ತಿದ್ದಿದ, ಮತ್ತೆ ಮೊದಲಿನಿಂದ ಓದಿದ. ಮೂರನೇ ಸಲವೂ ಓದಿಸಿಕೊಂಡ ಮೇಲೆ, ಇನ್‌ಸ್ಪೆಕ್ಟರ್ ಬೆರಳಿಟ್ಟ ಕಡೆ ಮೇಷ್ಟ್ರು ಸಹಿ ಹಾಕಿದರು. 12.25ಕ್ಕೆ ಬಂಧನ ದಾಖಲಾಯಿತು. ಪತ್ರಿಕೆಗಳ ನಕಲು ತೆಗೆಸಿ ಮುಖ್ಯೋಪಾಧ್ಯಾಯಿನಿಗೆ ಒಪ್ಪಿಸಲು ಇನ್ನೊಂದು ಗಂಟೆ ಹಿಡಿಯಿತು. ಅವರೂ ಇನ್ನಿಬ್ಬರು ಶಿಕ್ಷಕಿಯರೂ ಅವತ್ತೇ ತಿದ್ದಲು ಕೂತರು. ಮರುದಿನ 4.10ಕ್ಕೆ ವರದಿ ಹೋಯಿತು. ಅದರ ಕೊನೆಯ ಪುಟದಲ್ಲಿ, 'ಯಂತ್ರದ ಮಿತಿಗಳು' ಎಂಬ ತಲೆಬರಹದಡಿ, ಅಚ್ಚಿನ ಅಕ್ಷರದ ಬಗ್ಗೆ, ಕೈಬರಹದ ಬಗ್ಗೆ ಮೇಷ್ಟ್ರು ಠಾಣೆಯಲ್ಲಿ ಬಾಯಲ್ಲಿ ಹೇಳಿ ಬರೆಸಿದ ಎಂಟು ಸಾಲುಗಳಿದ್ದವು. ಕಂಪನಿಯವರಿಗೆ ತಿಳಿಯದ ಸಂಗತಿ ಅದು. ಪೆಟ್ಟಿಗೆ ಬೇಡ ಎಂಬ ಮಾತು ಆ ಸಾಲುಗಳಲ್ಲಿ ಇರಲಿಲ್ಲ.

ಅದಕ್ಕೂ ಮುನ್ನ, ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅಟೆಂಡರ್ ಕೀಲಿಗೊಂಚಲು ಕೇಳಿಕೊಂಡು ಠಾಣೆಗೆ ಬಂದ. ಬೀರುವಿನ ಕೀಲಿಯೊಂದನ್ನು ಸಾಕ್ಷ್ಯಕ್ಕೆ ಉಳಿಸಿಕೊಂಡು ಉಳಿದದ್ದನ್ನು ರಸೀದಿ ಬರೆಸಿ ಕೊಟ್ಟರು.

"ನಿಮಗೆ ತೊಂದರೆ ಆಯ್ತು," ಎಂದಳು ಇನ್‌ಸ್ಪೆಕ್ಟರ್. "ಮೇಷ್ಟ್ರ ಕಣ್ಣಿನ ವಿಷಯ ಶಾಲೆಯಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ನೋಡಿ."

ಅಟೆಂಡರ್ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ನನಗೆ ಗೊತ್ತಿತ್ತು ಮೇಡಂ. ಎರಡು ವರ್ಷದಿಂದ ಸೀಮೆಸುಣ್ಣ ಅವರ ಬಲಗೈಗೆ, ಹಾಜರಿ ಪುಸ್ತಕ ಎಡಗೈಗೆ ಇಡ್ತಿರೋದು ನಾನೇ. ಕದ್ದಿದ್ದು ಗೊತ್ತಿರ್ಲಿಲ್ಲ."

"ಸೋಮವಾರ ಇದನ್ನ ಹೇಳಿದ್ರೆ ನಿಮ್ಮ ಮನೆ ಶೋಧ ಆಗ್ತಾನೇ ಇರ್ಲಿಲ್ಲ!"

"ನೀವು ಕೇಳಿದ್ದು ಕೀಲಿ ಬಗ್ಗೆ. ಕಣ್ಣಿನ ಬಗ್ಗೆ ಹೇಳೋದು ಅವರ ಮಾತು, ನನ್ನದಲ್ಲ."

ಆಗಲೇ ಪೇದೆ ಮೇಷ್ಟ್ರನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಹೊರಗೆ ತಂದ. ಬಾಗಿಲ ಬಳಿ ಬೆಳಕು ಜೋರಾಗಿತ್ತು. ಮೇಷ್ಟ್ರು ಮೆಟ್ಟಿಲಿನ ಅಂಚಿಗೆ ಬಂದು, ಕಾಲು ಮುಂದಿಡಲಾರದೆ ನಿಂತರು. ಗೊಂಚಲಿನ ಸದ್ದು ಕೇಳಿ ಮುಖ ತಿರುಗಿಸಿದರು. ಯಾರೆಂದು ಗೊತ್ತಾಯಿತು.

ಅಟೆಂಡರ್‌ನ ಮುಖದಲ್ಲಿ ಕ್ಷಮೆ ಇತ್ತೆಂದು ಇನ್‌ಸ್ಪೆಕ್ಟರ್ ಪ್ರಮಾಣ ಮಾಡಿ ಹೇಳಲಾರಳು. ಅವನು ಹೋಗಿ ಮೇಷ್ಟ್ರ ಮೊಣಕೈ ಹಿಡಿದ.

"ನಾಲ್ಕು ಮೆಟ್ಟಿಲು ಸಾರ್," ಎಂದ. "ಕೊನೇದು ಎತ್ತರ ಇದೆ."